ಶ್ರೀಗಂಧದ ಕೆತ್ತನೆ

ವಿಗ್ರಹ, ಮಂಟಪ, ಜಪಮಾಲೆಗಳಿಗೆ ಶ್ರೀಗಂಧಕ್ಕಿಂತ ಒಪ್ಪುವ ಮರವಿಲ್ಲವೆಂಬ ನಂಬಿಕೆಗೆ ಮರದ ಗುಣವೇ ಆಧಾರವಾಗಿದೆ. ಅದರ ಚೇಗಿನ ಎಳೆಗಳು ಬಲು ಒತ್ತಾಗಿರುವುದರಿಂದ ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆಯೂ ಸಿಡಿಯದೆ ನಿಲ್ಲುತ್ತದೆ. ಹೊರಗಿನ ಬಿಳಿಮರಕ್ಕೆ ಪರಿಮಳವಿಲ್ಲ. ಚೇಗು ಬಲಿಯಲು ದಶಕಗಳೇ ಬೇಕು.

ಈ ಕಲೆಗೆ ಹೆಸರಾದವರು ಸಾಗರ, ಸೊರಬ, ಸಿರಸಿ, ಕುಮಟಾ ಸೀಮೆಗಳ ಗುಡಿಗಾರರು. ಹಗುರವಾದ ಬೆಂಡಿನಲ್ಲಿ ಮದುವೆಯ ಬಾಸಿಂಗ ಕಟ್ಟುವ ಕೈಗಳೇ ಈ ಗಟ್ಟಿ ಮರದಲ್ಲಿಯೂ ಪಳಗಿರುವುದು ಸೋಜಿಗವೇ ಸರಿ. ಕೊರಡನ್ನು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಅನಂತರ ಆಕೃತಿಯನ್ನು ಬರೆದುಕೊಂಡು, ದೊಡ್ಡ ಉಳಿಯಿಂದ ಹೊರಮೈಯನ್ನು ತೆಗೆದು, ಸಣ್ಣ ಉಳಿಗಳಿಂದ ಆಭರಣ, ಮುಖಭಾವಗಳನ್ನು ಬಿಡಿಸುವರು. ಉದುರಿದ ಚೂರು ಸಹ ಧೂಪಕ್ಕೆ ಸಲ್ಲುತ್ತದೆ.

ಆದರೆ ಕೈಗೆ ಮರವೇ ದೊರೆಯದಾಗಿದೆ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ಹೊಲದಲ್ಲಿ ಹುಟ್ಟಿದ ಮರವೂ ರೈತನದಾಗಿರಲಿಲ್ಲ. ತನ್ನದಲ್ಲದ ಸಸಿಯನ್ನು ಯಾರು ತಾನೆ ಸಾಕಿಯಾರು? 2001ರ ತಿದ್ದುಪಡಿ ಭೂಮಾಲೀಕನಿಗೆ ಒಡೆತನವಿತ್ತಿತು. ಕುಂದಾಣದಂತಹ ಬಯಲುಸೀಮೆಯ ಒಣನೆಲವೂ ಇದಕ್ಕೆ ಒಗ್ಗುತ್ತದೆ. ಒಂಟಿಯಾಗಿ ಮಾತ್ರ ಏಳಿಗೆಯಾಗದು. ಪಕ್ಕದ ಗಿಡದ ಬೇರಿನಿಂದ ಸಾರವನ್ನು ಹೀರುವ ಮರವಾದುದರಿಂದ ಮಗ್ಗುಲಲ್ಲಿ ತೊಗರಿಯಂತಹ ಆಸರೆಯ ಗಿಡವನ್ನು ನೆಡುವುದು ರೂಢಿ. ಬೆಳೆದ ಬಳಿಕ ಕಳ್ಳರಿಂದ ಕಾಯುವುದೂ ರೈತನ ಪಾಲಿಗೇ ಬರುತ್ತದೆ.