ತೊಟ್ಟಿಯ ಪಾಚಿ ತೊಲಗಿಸುವ ಮುನ್ನ ಮೀನಿನ ಜೀವ ನೆನಪಿರಲಿ

ಬೆಂಗಳೂರು: ಪಡಸಾಲೆಗೆ ಮೀನಿನ ತೊಟ್ಟಿ ಬಂದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಗಾಜು ಹಸಿರಾಗುತ್ತದೆ. ಭಾನುವಾರ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲು, ಮರಳು, ಫಿಲ್ಟರ್ ಎಲ್ಲವನ್ನೂ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದು ಹೊಸ ನೀರು ತುಂಬಲಾಗುತ್ತದೆ. ಗಾಜು ಫಳಫಳ ಹೊಳೆಯುತ್ತದೆ. ಆದರೆ ವಾರ ಕಳೆಯುವುದರೊಳಗೆ ಮೀನುಗಳು ಒಂದೊಂದಾಗಿ ಸತ್ತು ತೇಲುತ್ತವೆ. ಪಾಚಿ ಮಾತ್ರ ಕೆಲವೇ ದಿನಗಳಲ್ಲಿ ಮತ್ತೆ ಹಾಜರಾಗುತ್ತದೆ.

ಅಲಂಕಾರಿಕ ಮೀನು ಸಾಕುವ ಅನೇಕರ ಕಹಿ ಅನುಭವವಿದು. ಪಾಚಿಯಿಂದಲೇ ಮೀನು ಸಾಯುವುದು ಅಪರೂಪ. ಪಾಚಿ ತೆಗೆಯುವ ಅವಸರದಲ್ಲಿ ಸಾಯುವುದೇ ಹೆಚ್ಚು.

ಕಾರಣವೇನು?

ಮೀನಿನ ವಿಸರ್ಜನೆ ಹಾಗೂ ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಉತ್ಪತ್ತಿಯಾಗುತ್ತದೆ. ಇದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜು ಹಾಗೂ ತಳದ ಮರಳಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಎಲ್ಲವನ್ನೂ ನಲ್ಲಿ ನೀರಿನಲ್ಲಿ ತೊಳೆದಾಗ ಅದರಲ್ಲಿರುವ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅಮೋನಿಯಾ ಏರುತ್ತದೆ, ಮೀನು ಸಾಯುತ್ತದೆ.

ಇತ್ತ ನೈಟ್ರೇಟ್ ಮತ್ತು ಮೀನಿನ ಆಹಾರದಲ್ಲಿರುವ ರಂಜಕದ ಅಂಶ ಪಾಚಿಗೆ ಗೊಬ್ಬರವಾಗುತ್ತವೆ. ಇದಕ್ಕೆ ಬೆಳಕು ಸೇರಿದರೆ ಪಾಚಿಗೆ ಬೇರೇನೂ ಬೇಡ. ಆದ್ದರಿಂದ ಬೆಳಕು ಮತ್ತು ಗೊಬ್ಬರ ಎರಡನ್ನೂ ಹತೋಟಿಗೆ ತರದೆ ಗಾಜನ್ನು ಎಷ್ಟು ಉಜ್ಜಿದರೂ ವ್ಯರ್ಥ.

ಪಾಚಿಯಲ್ಲೂ ಬಗೆಗಳಿವೆ

ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಲೇಪ ಡಯಾಟಮ್ ಎಂಬ ಸೂಕ್ಷ್ಮಜೀವಿಗಳದ್ದು. ಬಟ್ಟೆಯಿಂದ ಒರೆಸಿದರೆ ಸುಲಭವಾಗಿ ಹೋಗುತ್ತದೆ. ತೊಟ್ಟಿ ಹಳತಾದಂತೆ ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ.

ಗಾಜಿನ ಮೇಲೆ ಗಟ್ಟಿಯಾಗಿ ಅಂಟುವ ಹಸಿರು ಚುಕ್ಕೆಗಳನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಬಹುದು. ಅಕ್ರಿಲಿಕ್ ತೊಟ್ಟಿಯಾದರೆ ಗೀರು ಬೀಳುವುದರಿಂದ ಮೃದುವಾದ ಸ್ಪಂಜನ್ನೇ ಬಳಸಬೇಕು. ಸೋಪು ಎಂದಿಗೂ ಕೂಡದು.

ನೀರೇ ಹಸಿರಾದರೆ ಪಾಚಿ ನೀರಿನಲ್ಲಿ ತೇಲುತ್ತಿದೆ ಎಂದರ್ಥ. ನೀರು ಬದಲಿಸಿದಷ್ಟೂ ಅದು ಮತ್ತೆ ಬೆಳೆಯುತ್ತದೆ. ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ 3ರಿಂದ 4 ದಿನ ಪೂರ್ಣ ಕತ್ತಲೆಯಲ್ಲಿಡುವುದು ಪರಿಣಾಮಕಾರಿ. ಸಾಯುವ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುವುದರಿಂದ ಏರ್ ಪಂಪ್ ಸದಾ ಚಾಲನೆಯಲ್ಲಿರಬೇಕು. ಆರೋಗ್ಯವಂತ ದೊಡ್ಡ ಮೀನುಗಳಿಗೆ ಈ ದಿನಗಳಲ್ಲಿ ಆಹಾರ ಹಾಕದಿದ್ದರೂ ತೊಂದರೆಯಿಲ್ಲ. ಹೊದಿಕೆ ತೆಗೆದ ಕೂಡಲೇ ಒಂದಿಷ್ಟು ನೀರು ಬದಲಿಸಬೇಕು.

ಹಾಳೆಯಂತೆ ಹರಡಿ, ಕೆಟ್ಟ ವಾಸನೆ ಬೀರುವ ನೀಲಿ-ಹಸಿರು ಪದರ ನಿಜವಾಗಿ ಪಾಚಿಯಲ್ಲ, ಒಂದು ಬಗೆಯ ಬ್ಯಾಕ್ಟೀರಿಯಾ. ಅದನ್ನು ಪೈಪಿನಿಂದ ಹೀರಿ ಹೊರಹಾಕಿ, ನೀರಿನ ಹರಿವು ಹೆಚ್ಚಿಸಬೇಕು.

ಅತ್ಯಂತ ಹಟಮಾರಿ ಎಂದರೆ ಎಲೆ ಹಾಗೂ ಮರದ ತುಂಡಿನ ಅಂಚಿನಲ್ಲಿ ಗಡ್ಡದಂತೆ ಬೆಳೆಯುವ ಕಪ್ಪು ಪಾಚಿ. ಇದು ಕೆಂಪು ಪಾಚಿಗಳ ಜಾತಿಗೆ ಸೇರಿದ್ದು, ಕೆರೆದರೂ ಸುಲಭವಾಗಿ ಬರುವುದಿಲ್ಲ. ಹೆಚ್ಚು ಅಂಟಿದ ಎಲೆಗಳನ್ನು ಕತ್ತರಿಸಿ ತೆಗೆಯುವುದೇ ಲೇಸು. ಕಲ್ಲು, ಮರದ ತುಂಡುಗಳನ್ನು ತೊಟ್ಟಿಯಿಂದ ಹೊರತೆಗೆದು ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸವರಿ, 5 ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಮರಳಿ ಇಡಬಹುದು. ಔಷಧ ಅಂಗಡಿಗಳಲ್ಲಿ ಸಿಗುವ ದ್ರಾವಣ ಹಲವು ಬಾರಿ ಶೇ. 6ರದ್ದಾಗಿರುತ್ತದೆ. ಬಾಟಲಿ ನೋಡಿ, ಅಷ್ಟೇ ಪ್ರಮಾಣದ ನೀರು ಬೆರೆಸಿಕೊಳ್ಳಬೇಕು. ಅದನ್ನು ಮೀನಿರುವ ನೀರಿಗೆ ಅಂದಾಜಿನ ಮೇಲೆ ಸುರಿಯುವುದು ಅಪಾಯಕರ.

ಶಾಶ್ವತ ಪರಿಹಾರ

* ದೀಪ ದಿನಕ್ಕೆ 6ರಿಂದ 8 ಗಂಟೆ ಮಾತ್ರ ಉರಿಯಲಿ. ಟೈಮರ್ ಇದ್ದರೆ ಉತ್ತಮ. ಕಿಟಕಿಯ ನೇರ ಬಿಸಿಲು ತೊಟ್ಟಿಗೆ ಬೀಳಬಾರದು.

* ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕಿದರೆ ಅದು ಪಾಚಿಯ ಪಾಲಾಗುತ್ತದೆ.

* ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರನ್ನು ಮಾತ್ರ ಬದಲಿಸಬೇಕು. ತಳದ ಕೊಳೆಯನ್ನು ಪೈಪಿನಿಂದ ಹೀರಿ ತೆಗೆಯಬೇಕು. ನಲ್ಲಿ ನೀರಿಗೆ ಕ್ಲೋರಿನ್ ನಿವಾರಕ ಬೆರೆಸಿಯೇ ತುಂಬಬೇಕು.

* ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಿಂಡಿದರೆ ಸಾಕು.

* ವೇಗವಾಗಿ ಬೆಳೆಯುವ ಜಲಸಸ್ಯಗಳನ್ನು ನೆಟ್ಟರೆ ಅವು ಪಾಚಿಗೆ ಸೇರಬೇಕಾದ ಗೊಬ್ಬರವನ್ನು ಹೀರಿಕೊಳ್ಳುತ್ತವೆ.

ಸಕ್ಕರ್ ಮೀನಿನ ಎಚ್ಚರಿಕೆ

ಪಾಚಿಗೆ ಮದ್ದು ಎಂದು ಅಂಗಡಿಗಳಲ್ಲಿ ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕ ಮೂಲದ್ದು. ಬೆರಳುದ್ದ ಇರುವಾಗ ಪಾಚಿ ತಿನ್ನುವ ಇದು ಒಂದು ಅಡಿಗೂ ಹೆಚ್ಚು ಬೆಳೆದು, ಪಾಚಿಗಿಂತ ಹೆಚ್ಚು ಹೊಲಸು ಮಾಡುತ್ತದೆ. ಆಗ ಅದನ್ನು ಕೆರೆಗೆ ಬಿಡುವವರಿದ್ದಾರೆ. ಕೇರಳ, ಪಶ್ಚಿಮ ಬಂಗಾಳ, ಆಂಧ್ರಪ್ರದೇಶದ ಜಲಮೂಲಗಳಲ್ಲಿ ಈ ಮೀನು ನೆಲೆಯೂರಿದೆ. ದಡದಲ್ಲಿ ಬಿಲ ತೋಡುವ, ಮುಳ್ಳಿನ ರೆಕ್ಕೆಗಳಿಂದ ಬಲೆ ಹರಿಯುವ ಇದು ಸ್ಥಳೀಯ ಮೀನುಗಳಿಗೂ ಮೀನುಗಾರರಿಗೂ ಕಂಟಕ. ಸಣ್ಣ ತೊಟ್ಟಿಗೆ ನೆರೈಟ್ ಬಸವನಹುಳು ಸೂಕ್ತ. ಸಿಹಿನೀರಿನ ತೊಟ್ಟಿಯಲ್ಲಿ ಅದರ ಸಂತತಿ ಬೆಳೆಯುವುದಿಲ್ಲ.

ಪಾಚಿಯನ್ನು ಸಂಪೂರ್ಣ ನಿರ್ಮೂಲ ಮಾಡಲು ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಮುಂದಿನ ಗಾಜು ಸ್ವಚ್ಛವಾಗಿದ್ದು, ಹಿಂಬದಿಯ ಗಾಜಿನಲ್ಲಿ ಕೊಂಚ ಹಸಿರು ಉಳಿದರೆ ಮೀನಿಗೇನೂ ಬಾಧೆಯಿಲ್ಲ. ಒಂದು ದಿನದ ಮಹಾ ಶುಚಿತ್ವಕ್ಕಿಂತ ವಾರಕ್ಕೆ ಅರ್ಧ ತಾಸಿನ ಆರೈಕೆಯೇ ಮೀನಿನ ಪಾಲಿಗೆ ಜೀವದಾನ.