ತಾವೀಜಿನ ಜೊತೆಗೆ ಮಾತ್ರೆ

ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿ ಸಯ್ಯದ್ ಅಲಿ ಮೀರಾ ದಾತಾರ್ ಅವರ ದರ್ಗಾ ಇದೆ. ‘ಸಾಯಾ (ದೆವ್ವದ ನೆರಳು) ಆಗಿದೆ’, ‘ಜಿನ್ ಹಿಡಿದಿದೆ’ ಎಂದು ಮನೆಯವರು ನಂಬಿದವರು ಇಲ್ಲಿಗೆ ಬರುತ್ತಾರೆ, ಮುಸ್ಲಿಮರಷ್ಟೇ ಹಿಂದೂಗಳೂ. ಲೋಬಾನದ ಹೊಗೆಯಲ್ಲಿ ಕೂದಲು ಬಿಚ್ಚಿ ತೂಗಾಡುವ ಮಗಳು, ಅವಳ ತೋಳನ್ನು ಬಿಗಿಹಿಡಿದ ತಾಯಿ. ಇದಕ್ಕೆ ಹಾಜರಿ ಎನ್ನುತ್ತಾರೆ.

ಇದೇ ದರ್ಗಾದಲ್ಲಿ ಮನೋವೈದ್ಯರನ್ನೂ ಕಾಣುವ ವ್ಯವಸ್ಥೆಯಾಯಿತು. ರಾಜ್ಯ ಸರ್ಕಾರದ ಬೆಂಬಲದಿಂದ ಆಲ್ಟ್ರೂಯಿಸ್ಟ್ ಎಂಬ ಸಂಸ್ಥೆ ಶುರುಮಾಡಿದ ಈ ಕೆಲಸದ ಹೆಸರು ‘ದವಾ-ದುವಾ’, ಅಂದರೆ ಔಷಧಿ ಮತ್ತು ಪ್ರಾರ್ಥನೆ. ನಿದ್ದೆಗೆಟ್ಟವರು, ಊಟ ಬಿಟ್ಟವರು, ಯಾರಿಗೂ ಕೇಳದ ದನಿ ಕೇಳಿಸಿಕೊಳ್ಳುವವರು ಎದುರಾದರೆ ಏನು ಮಾಡಬೇಕೆಂದು ದರ್ಗಾದ ಸೇವೆ ಮಾಡುವ ಮುಜಾವರರಿಗೇ ತರಬೇತಿ ಕೊಟ್ಟರು. ಅವರು ದುವಾ ಮಾಡುತ್ತಾರೆ, ಡಾಕ್ಟರ ಬಳಿಗೂ ಕಳಿಸುತ್ತಾರೆ. ಡಾಕ್ಟರು ಹೇಳಿದರೆ ಮನೆಯವರ ಕಿವಿಗೆ ಬೀಳುವುದು ‘ಹುಚ್ಚು’ ಎಂಬ ಒಂದೇ ಮಾತು; ಮಗಳ ಮದುವೆಯ ಚಿಂತೆ ಅಲ್ಲೇ ಶುರು. ಮುಜಾವರ್ ಹೇಳಿದರೆ ಮಾತ್ರೆ ನುಂಗುವುದು ನಂಬಿಕೆಗೆ ಎರಡು ಬಗೆದಂತೆ ಅನ್ನಿಸುವುದಿಲ್ಲ. ಇಡೀ ಯೋಜನೆಯ ಜೀವ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಈ ಕೆಲಸ ಏಕೆ ಬೇಕಿತ್ತು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿಯನ್ನು ನೆನೆಯಬೇಕು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಲ್ಲಿನ ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಅಲ್ಲಿದ್ದ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಕಣ್ಣಿಗೆ ಕಾಣದ ಸರಪಳಿಯೂ ಒಂದಿದೆ. ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳಲಾರದವರಿಗೆ ‘ಸಬರ್ (ತಾಳ್ಮೆ) ಮಾಡು’, ‘ನಿನ್ನ ಈಮಾನ್ (ನಂಬಿಕೆ) ಕಮ್ಮಿಯಾಗಿದೆ’ ಎನ್ನುವುದು. ಕಾಯಿಲೆಯ ಮೇಲೆ ಪಾಪದ ಹೊರೆ ಹೇರುವ ಈ ಮಾತು ನನಗೆ ಸಂಕಟ ತರುತ್ತದೆ. ಏಕೆಂದರೆ ಇಸ್ಲಾಮಿನ ಪರಂಪರೆ ಹೀಗೆ ಹೇಳಿಲ್ಲ. 9-10ನೇ ಶತಮಾನದ ವಿದ್ವಾಂಸ ಅಬು ಝೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿಟ್ಟು ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ ಎಂದು ಗುರುತಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ಮನೋರೋಗಿಗಳನ್ನೂ ಒಳಗೆ ಕರೆದುಕೊಂಡಿತ್ತು.

ನಮ್ಮ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೂ ಇಂಥ ಕುಟುಂಬಗಳು ಬರುತ್ತವೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿಂದ ಕೆಲವೇ ತಾಸಿನ ದಾರಿ. ಅಷ್ಟು ದೂರ ಹೋಗಲು ಇನ್ನೂ ಧೈರ್ಯ ಸಾಲದವರು ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡುತ್ತಾರೆ.