ಮಾದರಿ ಬಿಲ್ಲಿನ ಅಂಕಿಗಳು ಎಲ್ಲಿಂದ ಬರುತ್ತವೆ?

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಇಂತಹ ಬದಲಾವಣೆಯಾದಾಗ ಬಿಲ್ಲಿಂಗ್ ತಂತ್ರಾಂಶವನ್ನು ತಿದ್ದಿ, ಪರೀಕ್ಷಿಸಿ, ಸರಿಯಿದೆಯೆಂದು ಒಪ್ಪಿಸುವುದು ವಾಡಿಕೆ. ಆ ಪರೀಕ್ಷೆ ಯಾವ ಅಂಕಿಗಳ ಮೇಲೆ ನಡೆಯಿತೆಂಬುದನ್ನು ವರ್ತಕರು ಅರಿತಿರುವುದು ಅವಶ್ಯ. ಏಕೆಂದರೆ ಬಿಲ್ಲಿನಲ್ಲಿ ತೆರಿಗೆ ತಪ್ಪಾದರೆ ಇಲಾಖೆಗೆ ಉತ್ತರಿಸಬೇಕಾದವರು ಬಿಲ್ಲು ನೀಡಿದವರೇ.

ಅಚ್ಚು ಮತ್ತು ಕಲಮುಗಳು

ಪರೀಕ್ಷೆಗೆ ನೂರಾರು ಮಾದರಿ ಬಿಲ್ಲುಗಳು ಬೇಕಾಗುತ್ತವೆ. ಅವನ್ನು ಒಂದೇ ಅಚ್ಚಿನಿಂದ ತಯಾರಿಸುವ ಸಾಧನಗಳಿವೆ. ರೂಬಿ ಭಾಷೆಯ ‘ಫ್ಯಾಕ್ಟರಿ ಬಾಟ್’ (2017ರವರೆಗೆ ಇದರ ಹೆಸರು ‘ಫ್ಯಾಕ್ಟರಿ ಗರ್ಲ್’), ಪೈಥಾನ್ ಭಾಷೆಯ ‘ಫ್ಯಾಕ್ಟರಿ ಬಾಯ್’ ಇವುಗಳಲ್ಲಿ ಪ್ರಮುಖವಾದವು. ಅಚ್ಚಿನ ಕಲಮುಗಳನ್ನು ಸ್ಥೂಲವಾಗಿ ನಾಲ್ಕು ವಿಧವಾಗಿ ತುಂಬಲಾಗುತ್ತದೆ.

1. ಸ್ಥಿರ: ಸರಕಿನ ಹೆಸರು, ತೆರಿಗೆಗೊಳಪಡುವ ಮೌಲ್ಯ ರೂ. 1,00,000 ಇತ್ಯಾದಿ.

2. ಅನುಕ್ರಮ: ಒಂದು ಆರ್ಥಿಕ ವರ್ಷದಲ್ಲಿ ಬಿಲ್ಲಿನ ಸಂಖ್ಯೆ ಪುನರಾವರ್ತನೆಯಾಗುವಂತಿಲ್ಲ, ಅಚ್ಚು ಪ್ರತಿ ಬಾರಿಯೂ ಮುಂದಿನ ಸಂಖ್ಯೆಯನ್ನು ನೀಡುತ್ತದೆ.

3. ಅವಲಂಬಿತ: ದಿನಾಂಕವನ್ನು ನೋಡಿ ದರ, ದರ ಮತ್ತು ಮೌಲ್ಯವನ್ನು ನೋಡಿ ತೆರಿಗೆ.

4. ಸಂಬಂಧಿತ: ಗ್ರಾಹಕನ ವಿವರ ಬೇರೊಂದು ಅಚ್ಚಿನಿಂದ ಬರುತ್ತದೆ. ಹುಬ್ಬಳ್ಳಿಯ ವರ್ತಕನ ಸರಕು ದಾವಣಗೆರೆಗೆ ತಲುಪಿದರೆ ಕೇಂದ್ರ ಮತ್ತು ರಾಜ್ಯ ತೆರಿಗೆ, ಕೊಲ್ಹಾಪುರಕ್ಕೆ ತಲುಪಿದರೆ ಐಜಿಎಸ್‌ಟಿ.

ಪರೀಕ್ಷಕರು ಯಾವುದೇ ಕಲಮಿಗೆ ತಾವೇ ಬೆಲೆ ಕೊಟ್ಟರೆ ಅದು ಅಚ್ಚಿನ ಬೆಲೆಯನ್ನು ಬದಿಗೊತ್ತುತ್ತದೆ; ಅದನ್ನು ಅವಲಂಬಿಸಿದ ಕಲಮುಗಳು ಹೊಸ ಬೆಲೆಯಿಂದ ಲೆಕ್ಕಗೊಳ್ಳುತ್ತವೆ. ಮೌಲ್ಯವನ್ನು ರೂ. 2,00,000 ಎಂದು ಬದಲಿಸಿದರೆ ಶೇ. 18ರ ತೆರಿಗೆ ರೂ. 36,000 ಆಗುತ್ತದೆ. ತೆರಿಗೆಯ ಕಲಮಿನಲ್ಲಿ ರೂ. 18,000 ಎಂದು ಸ್ಥಿರವಾಗಿ ಬರೆದಿದ್ದರೆ, ಮೌಲ್ಯ ಬದಲಾದರೂ ತೆರಿಗೆ ಅಷ್ಟೇ ಉಳಿಯುತ್ತದೆ.

ದಿನಾಂಕದ ಎಚ್ಚರಿಕೆ

ಬೆಲೆಯನ್ನು ಯಾವಾಗ ಲೆಕ್ಕ ಹಾಕಲಾಗುತ್ತದೆ ಎಂಬುದೂ ಮುಖ್ಯ. ಫ್ಯಾಕ್ಟರಿ ಬಾಟ್‌ನ ಹಳೆಯ ಆವೃತ್ತಿಗಳಲ್ಲಿ ದಿನಾಂಕದ ಕಲಮಿಗೆ ‘ಇಂದು’ ಎಂದು ನೇರವಾಗಿ ಬರೆದರೆ, ಅಚ್ಚನ್ನು ಓದಿಕೊಂಡ ಕ್ಷಣದ ದಿನಾಂಕವೇ ಎಲ್ಲ ಬಿಲ್ಲುಗಳಿಗೂ ಅಂಟಿಕೊಳ್ಳುತ್ತಿತ್ತು. ಪರೀಕ್ಷೆಗಾಗಿ ಗಡಿಯಾರವನ್ನು ಸೆಪ್ಟೆಂಬರ್ 21ಕ್ಕೆ ಹಿಂದೆ ಸರಿಸಿದರೂ ಬಿಲ್ಲು ಅದನ್ನು ಅನುಸರಿಸುತ್ತಿರಲಿಲ್ಲ. 2019ರಲ್ಲಿ ಬಂದ 5ನೇ ಆವೃತ್ತಿಯಲ್ಲಿ ಈ ಪದ್ಧತಿಯನ್ನು ಕೈಬಿಡಲಾಯಿತು. ಈಗ ಪ್ರತಿ ಬಿಲ್ಲು ತಯಾರಾಗುವಾಗಲೇ ಬೆಲೆ ನಿರ್ಧಾರವಾಗುತ್ತದೆ.

ಉತ್ತರ ಪ್ರತ್ಯೇಕವಾಗಿರಲಿ

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ತಂತ್ರಾಂಶದ ಸೂತ್ರವನ್ನೇ ಅಚ್ಚಿನಲ್ಲಿಯೂ ಬಳಸಿ ಎರಡನ್ನೂ ಹೋಲಿಸುವುದು. ಸೂತ್ರವೇ ತಪ್ಪಾಗಿದ್ದರೆ ಎರಡೂ ಕಡೆ ಒಂದೇ ತಪ್ಪು ಉತ್ತರ ಬಂದು, ಪರೀಕ್ಷೆ ತೇರ್ಗಡೆಯಾಗುತ್ತದೆ. ಒಬ್ಬನೇ ಗುಮಾಸ್ತನು ಲೆಕ್ಕ ಬರೆದು, ತಾನೇ ತಾಳೆ ನೋಡಿದಂತೆ ಇದು. ಆದುದರಿಂದ ಬಿಲ್ಲಿನ ಕಲಮುಗಳು ಪರಸ್ಪರ ಅವಲಂಬಿತವಾಗಿರಲಿ. ಆದರೆ ನಿರೀಕ್ಷಿತ ಉತ್ತರವನ್ನು ಕಾನೂನು ಬಲ್ಲವರು ಕೈಲೆಕ್ಕದಿಂದ ಬರೆದುಕೊಡಬೇಕು.

ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಉದ್ದಿಮೆದಾರರು ದರ ಬದಲಾದ ದಿನದ ಹಿಂದಿನ ಹಾಗೂ ಮುಂದಿನ, ರಾಜ್ಯದೊಳಗಿನ ಹಾಗೂ ಹೊರರಾಜ್ಯದ ಮಾರಾಟದ ನಾಲ್ಕು ಬಿಲ್ಲುಗಳ ಕೈಲೆಕ್ಕವನ್ನು ತಮ್ಮ ಲೆಕ್ಕಪರಿಶೋಧಕರಿಂದ ಮಾಡಿಸಿ, ಅದರೊಡನೆ ತಾಳೆ ನೋಡುವುದು ಕ್ಷೇಮಕರ.